ಗೆದ್ದ ಕಾಳಗಗಳು, ಸೋತ ಯುದ್ಧ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ ಒಮ್ಮೆ ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಅಲ್ಲಿ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರವಿದೆ. ಆನೆಗಳ ಮೇಲೆ ಹೈದರಲಿ ಮತ್ತು ಟಿಪ್ಪು, ನಡುವೆ ಸುತ್ತುವರಿಯಲ್ಪಟ್ಟ ಇಂಗ್ಲಿಷರ ಪಡೆ, ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಯ್ಲಿ, ಹೊತ್ತಿ ಉರಿಯುತ್ತಿರುವ ಮದ್ದಿನ ಬಂಡಿ. ಹುಡುಗರು ಸಂಭ್ರಮದಿಂದ ನೋಡಿದರು. ಅಲ್ಲಿಂದ ಟಿಪ್ಪು ಸುಲ್ತಾನರ ದೇಹ ಸಿಕ್ಕಿದ ಜಾಗಕ್ಕೆ ಹೋದೆವು. ಅಲ್ಲಿರುವುದು ಒಂದು ಕಲ್ಲು ಮಾತ್ರ. ಅಲ್ಲಿ ನಿಂತಾಗ ಒಬ್ಬ ಹುಡುಗ ಕೇಳಿದ: "ಸರ್, ಅಷ್ಟು ದೊಡ್ಡ ಗೆಲುವು ಗೆದ್ದವರು ಇಲ್ಲಿ ಯಾಕೆ ಸೋತರು?"

ಪಕ್ಕದಲ್ಲಿದ್ದ ಇನ್ನೊಬ್ಬ ತಕ್ಷಣ, "ಮೀರ್ ಸಾದಿಕ್ ದ್ರೋಹ ಮಾಡಿದ, ಅದಕ್ಕೆ" ಎಂದ. ಎಲ್ಲರೂ ತಲೆಯಾಡಿಸಿದರು. ಪ್ರಶ್ನೆ ಅಲ್ಲಿಗೆ ಮುಗಿಯಿತು. ನಾನೂ ಅಂದು ಸುಮ್ಮನಾದೆ. ಬಸ್ಸು ಹೊರಡುವ ಹೊತ್ತಾಗಿತ್ತು. ಆದರೆ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ನನ್ನ ಮೇಲೆ ಸಾಲವಾಗಿ ಉಳಿದಿದೆ. ಇವತ್ತು ನಿಮ್ಮ ಮುಂದೆ ಆ ಸಾಲ ತೀರಿಸಲು ಪ್ರಯತ್ನಿಸುತ್ತೇನೆ.

ಮೊದಲು ಎರಡು ಮಾತುಗಳ ವ್ಯತ್ಯಾಸ ತಿಳಿದುಕೊಳ್ಳೋಣ. ಒಂದು ರಣತಂತ್ರ, ಇನ್ನೊಂದು ಯುದ್ಧನೀತಿ. ಎದುರಿಗೆ ನಿಂತ ಶತ್ರುವನ್ನು ಈ ದಿನ, ಈ ಮೈದಾನದಲ್ಲಿ ಹೇಗೆ ಸೋಲಿಸಬೇಕು ಎಂಬುದು ರಣತಂತ್ರ. ಈ ಕಾಳಗವನ್ನು ಯಾಕೆ ಮಾಡಬೇಕು, ಈಗಲೇ ಮಾಡಬೇಕೇ, ಯಾರನ್ನು ಜೊತೆಗಿಟ್ಟುಕೊಳ್ಳಬೇಕು, ಹಣ ಮತ್ತು ದವಸ ಎಲ್ಲಿಂದ ಬರಬೇಕು, ಗೆದ್ದ ಮೇಲೆ ಏನು ಮಾಡಬೇಕು ಎಂಬುದು ಯುದ್ಧನೀತಿ. ರಣತಂತ್ರ ಕಣ್ಣಿಗೆ ಕಾಣುತ್ತದೆ, ಅದರ ಚಿತ್ರ ಬರೆಯಬಹುದು. ಯುದ್ಧನೀತಿಯ ಚಿತ್ರವನ್ನು ಯಾರೂ ಗೋಡೆಯ ಮೇಲೆ ಬರೆದಿಲ್ಲ. ಆದರೆ ರಾಜ್ಯಗಳು ಉಳಿಯುವುದು, ಅಳಿಯುವುದು ಬಹುಮಟ್ಟಿಗೆ ಅದರಿಂದಲೇ. ಮೈಸೂರಿನವರು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯೊಡನೆ 1767ರಿಂದ 1799ರವರೆಗೆ ಮಾಡಿದ ನಾಲ್ಕು ಯುದ್ಧಗಳನ್ನು ಓದಿದರೆ ಈ ಮಾತು ನಿಮಗೆ ಮನದಟ್ಟಾಗುತ್ತದೆ.

ಎರಡೂ ಕೂಡಿ ಬಂದ ಒಂದು ಉದಾಹರಣೆಯಿಂದ ಆರಂಭಿಸುತ್ತೇನೆ. ಮೊದಲ ಯುದ್ಧ 1767ರಲ್ಲಿ ಶುರುವಾದಾಗ ಕಂಪನಿ, ಹೈದರಾಬಾದಿನ ನಿಜಾಮ, ಮರಾಠರು, ಮೂವರೂ ಮೈಸೂರಿನ ಮೇಲೆ ಬರುವವರಿದ್ದರು. ಹೈದರಲಿ ಕತ್ತಿ ಹಿರಿಯುವ ಮೊದಲು ಮರಾಠರಿಗೆ ಹಣ ಕೊಟ್ಟು ಹಿಂದಕ್ಕೆ ಕಳಿಸಿದರು, ನಿಜಾಮನನ್ನು ತಮ್ಮ ಕಡೆಗೆ ಒಲಿಸಿಕೊಂಡರು. ಮುಂದೆ ಚೆಂಗಮ ಮತ್ತು ತಿರುವಣ್ಣಾಮಲೈಯಲ್ಲಿ ಕರ್ನಲ್ ಸ್ಮಿತ್‌ನ ಎದುರು ಅವರಿಗೆ ಹಿನ್ನಡೆಯಾಯಿತು. 1768ರಲ್ಲಿ ನಿಜಾಮ ಮತ್ತೆ ಬಣ ಬದಲಿಸಿದ. ಅಂದರೆ ಮೈದಾನದಲ್ಲಿ ಸೋಲು, ಸ್ನೇಹಿತನೂ ದೂರ. ಆಗ ಹೈದರಲಿ ಏನು ಮಾಡಿದರು ಗೊತ್ತೇ? ಭಾರವಾದ ತೋಪುಗಳನ್ನೂ ದೊಡ್ಡ ಸೈನ್ಯವನ್ನೂ ಘಟ್ಟ ಹತ್ತಿಸಿ ಊರಿಗೆ ಕಳಿಸಿಬಿಟ್ಟರು. ಆಯ್ದ ಸುಮಾರು ಆರು ಸಾವಿರ ಕುದುರೆ ಸವಾರರೊಂದಿಗೆ ಮೂರೂವರೆ ದಿನದಲ್ಲಿ 200 ಕಿಲೋಮೀಟರಿನಷ್ಟು ದೂರ ಓಡಿ 1769ರ ಮಾರ್ಚ್‌ನಲ್ಲಿ ಮದರಾಸಿನ ಬಾಗಿಲಲ್ಲಿ ನಿಂತರು. ಇಂಗ್ಲಿಷರ ಸೈನ್ಯ ಎಲ್ಲೋ ಇತ್ತು, ಅವರ ರಾಜಧಾನಿ ಬರಿದಾಗಿತ್ತು. ಒಂದು ದೊಡ್ಡ ಕಾಳಗವೂ ಇಲ್ಲದೆ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು.

ಗಮನಿಸಿ, ಹೈದರಲಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ತಮಗೆ ಬೇಕಾದದ್ದು ಸ್ಮಿತ್‌ನ ಸೋಲಲ್ಲ, ಮದರಾಸಿನ ಸರ್ಕಾರದ ಸಹಿ ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗುರಿ ಸ್ಪಷ್ಟವಿದ್ದವನಿಗೆ ಹತ್ತು ಕಾಳಗ ಬೇಕಿಲ್ಲ.

ಆದರೆ ಸಹಿ ಹಾಕಿದವರು ಮಾತು ಉಳಿಸಿಕೊಳ್ಳಲಿಲ್ಲ. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕೆಂದು ಒಪ್ಪಂದವಿತ್ತು. 1770ರಿಂದ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಕೈಕಟ್ಟಿ ಕೂತಿತು. ಆ ನೋವೇ ಮುಂದೆ ಎರಡನೆಯ ಯುದ್ಧಕ್ಕೆ ಒಂದು ಕಾರಣವಾಯಿತು.

ಈಗ ಪೊಳ್ಳಿಲೂರಿಗೆ ಬನ್ನಿ. 1780ರ ಜುಲೈನಲ್ಲಿ ಹೈದರಲಿ ಸುಮಾರು 80 ಸಾವಿರ ಸೈನ್ಯದೊಂದಿಗೆ ಘಟ್ಟ ಇಳಿದರು. ಈ ಬಾರಿ ಮರಾಠರೂ ನಿಜಾಮನೂ ಕಂಪನಿಯ ವಿರುದ್ಧವಿದ್ದರು. ಇಂಗ್ಲಿಷರ ಎರಡು ಪಡೆಗಳು ಒಂದಾಗಬೇಕಿತ್ತು. ಹೆಕ್ಟರ್ ಮನ್ರೋ ಕಾಂಚೀಪುರದಲ್ಲಿದ್ದ, ಬೇಯ್ಲಿ ಉತ್ತರದಿಂದ ಬರುತ್ತಿದ್ದ. ಇಬ್ಬರ ನಡುವೆ ಉಳಿದದ್ದು ಕೆಲವೇ ಗಂಟೆಗಳ ದಾರಿ. ಟಿಪ್ಪು ಮುಂದೆ ಹೋಗಿ ಬೇಯ್ಲಿಯನ್ನು ತಡೆದರು, ಹೈದರಲಿ ಹಿಂದಿನಿಂದ ಬಂದು ಸೇರಿಕೊಂಡರು. ಸೆಪ್ಟೆಂಬರ್ 10ರಂದು ಬೇಯ್ಲಿಯ ಸುಮಾರು 3,800 ಜನರ ಪಡೆ ಸುತ್ತುವರಿಯಲ್ಪಟ್ಟಿತು. ಮದ್ದಿನ ಬಂಡಿಗಳು ಸಿಡಿದವು. ಬೇಯ್ಲಿ ಸೆರೆಯಾದ. ಇಬ್ಬರು ಶತ್ರುಗಳು ಒಂದಾಗುವ ಮೊದಲು ಒಬ್ಬನ ಮೇಲೆ ಪೂರ್ತಿ ಬಲ ಹಾಕುವುದು ರಣತಂತ್ರದ ಬಹಳ ಹಳೆಯ ಪಾಠ. ಅದನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಮಾಡಿ ತೋರಿಸಿದ ಉದಾಹರಣೆ ಅಂದಿನ ಭಾರತದಲ್ಲಿ ಕಡಿಮೆ.

ಮನ್ರೋ ಎಷ್ಟು ಹೆದರಿದನೆಂದರೆ ತನ್ನ ದೊಡ್ಡ ತೋಪುಗಳನ್ನು ಕಾಂಚೀಪುರದ ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿನ ಕಡೆಗೆ ಓಡಿದ. ಚಿತ್ರ ಇಲ್ಲಿಗೆ ಮುಗಿಯುತ್ತದೆ. ಇತಿಹಾಸ ಇಲ್ಲಿಂದ ಶುರುವಾಗುತ್ತದೆ. ಓಡುತ್ತಿದ್ದ ಮನ್ರೋನನ್ನು ಹೈದರಲಿ ಪೂರ್ತಿ ಬಲದಿಂದ ಬೆನ್ನಟ್ಟಲಿಲ್ಲ. ಆರ್ಕಾಟಿನ ಮುತ್ತಿಗೆಗೆ ಹಿಂದಿರುಗಿದರು. ಆರ್ಕಾಟು ನವೆಂಬರ್‌ನಲ್ಲಿ ಕೈಗೆ ಬಂತು, ನಿಜ. ಆದರೆ ಅಷ್ಟರಲ್ಲಿ ಬಂಗಾಳದಿಂದ ಹಡಗುಗಳಲ್ಲಿ ಹಣ, ಸೈನ್ಯ, ಅವುಗಳ ಜೊತೆ ಐರ್ ಕೂಟ್ ಎಂಬ ಹಳೆಯ ಸೇನಾನಿ ಮದರಾಸಿಗೆ ಬಂದಿಳಿದರು. 1781ರ ಜುಲೈ 1ರಂದು ಪೋರ್ಟೋ ನೋವೋದಲ್ಲಿ ಕೂಟ್ ಹೈದರಲಿಯನ್ನು ಸೋಲಿಸಿದ.

ಇಲ್ಲಿ ಎರಡು ವಿಷಯಗಳಿವೆ. ಒಂದು, ಗೆಲುವಿನ ಮರುದಿನ ಏನು ಮಾಡಬೇಕೆಂಬುದನ್ನು ಗೆಲ್ಲುವ ಮೊದಲೇ ಯೋಚಿಸಿರಬೇಕು. ಎರಡು, ಶತ್ರುವಿನ ಬಲದ ಬೇರು ಎಲ್ಲಿದೆ ಎಂದು ತಿಳಿದಿರಬೇಕು. ಕಂಪನಿಯ ಬೇರು ಮದರಾಸಿನಲ್ಲಿ ಇರಲಿಲ್ಲ. 1765ರಿಂದ ಬಂಗಾಳದ ಕಂದಾಯ ಅವರ ಕೈಯಲ್ಲಿತ್ತು, ಅದನ್ನು ತರಲು ಸಮುದ್ರವಿತ್ತು. ಕರ್ನಾಟಿಕ್ ಪ್ರಾಂತ್ಯದ ಹೊಲಗಳನ್ನು ಸುಟ್ಟರೂ ಸಮುದ್ರವನ್ನು ಒಣಗಿಸಲು ತನ್ನಿಂದಾಗದು ಎಂಬ ಅರ್ಥದ ಮಾತನ್ನು ಹೈದರಲಿ ಕೊನೆಗಾಲದಲ್ಲಿ ಆಡಿದ್ದರೆಂದು ಹೇಳುತ್ತಾರೆ. ಅವರು ನೌಕಾಪಡೆ ಕಟ್ಟಲು ಹೊರಟಿದ್ದೂ ನಿಜ. ಆದರೆ 1780ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿದ್ದ ಆ ಹಡಗುಗಳನ್ನು ಅಡ್ಮಿರಲ್ ಹ್ಯೂಸ್ ನಾಶಮಾಡಿದ. 1782ರ ಮೇ ತಿಂಗಳಲ್ಲಿ ಸಾಲ್ಬಾಯಿ ಒಪ್ಪಂದದ ಮೂಲಕ ಮರಾಠರು ಕಂಪನಿಯೊಡನೆ ರಾಜಿಯಾದರು. ಅದೇ ವರ್ಷ ಡಿಸೆಂಬರ್ 7ರಂದು ಹೈದರಲಿ ಚಿತ್ತೂರಿನ ಬಳಿ ತೀರಿಕೊಂಡರು.

ತಂದೆಯ ನಂತರ ಟಿಪ್ಪು ಯುದ್ಧ ಮುಂದುವರಿಸಿದರು. ಮಂಗಳೂರಿನ ಕೋಟೆಯಲ್ಲಿದ್ದ ಇಂಗ್ಲಿಷರಿಗೆ 1783ರ ಮೇ ತಿಂಗಳಲ್ಲಿ ಮುತ್ತಿಗೆ ಹಾಕಿದರು. ಕೋಟೆ ಕೈಗೆ ಬಂದದ್ದು 1784ರ ಜನವರಿ ಕೊನೆಗೆ. ಯೂರೋಪಿನಲ್ಲಿ ರಾಜಿಯಾದ ಸುದ್ದಿ ಬಂದೊಡನೆ ಅವರ ಜೊತೆಗಿದ್ದ ಫ್ರೆಂಚರು ಮುತ್ತಿಗೆಯಿಂದ ಹಿಂದೆ ಸರಿದರು. ಇತ್ತ ಮಂಗಳೂರಿನ ಒಂದು ಕೋಟೆಗಾಗಿ ಸುಲ್ತಾನರು ಮಳೆಯಲ್ಲಿ ಎಂಟು ತಿಂಗಳು ಕೂತಿದ್ದಾಗ ಅತ್ತ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡು, ಕೊಯಮತ್ತೂರು ಹಿಡಿದು ಶ್ರೀರಂಗಪಟ್ಟಣದ ಕಡೆ ನೋಡುತ್ತಿದ್ದ. ಅವನನ್ನು ನಿಲ್ಲಿಸಿದ್ದು ಮದರಾಸಿನಿಂದಲೇ ಬಂದ ಆಜ್ಞೆ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದ ಟಿಪ್ಪುವಿಗೆ ಗೌರವ ತಂದಿತು, ಸಂದೇಹವಿಲ್ಲ. ಆದರೆ ಆ ಎಂಟು ತಿಂಗಳಲ್ಲಿ ರಾಜಧಾನಿಯೇ ಅಪಾಯದಲ್ಲಿತ್ತು ಎಂಬುದನ್ನು ನಾವು ಮರೆಯಬಾರದು. ಪ್ರತಿಷ್ಠೆಗೆ ಬಿದ್ದು ಒಂದು ಕಡೆ ಕಟ್ಟಿಹಾಕಿಕೊಂಡವನಿಗೆ ಉಳಿದ ದಿಕ್ಕುಗಳು ಕಾಣುವುದಿಲ್ಲ.

ಗೆಳೆಯರೇ, ಈಗ ಬಹಳ ಮುಖ್ಯವಾದ ಘಟ್ಟಕ್ಕೆ ಬರುತ್ತೇನೆ. 1789ರ ಡಿಸೆಂಬರ್ 29ರಂದು ಟಿಪ್ಪು ತಿರುವಾಂಕೂರಿನ ಗಡಿ ಗೋಡೆಯ ಮೇಲೆ ದಾಳಿ ಮಾಡಿದರು. ಅವರ ಅಸಮಾಧಾನಕ್ಕೆ ಕಾರಣವಿತ್ತು. ಡಚ್ಚರ ಎರಡು ಕೋಟೆಗಳನ್ನು ತಿರುವಾಂಕೂರಿನ ರಾಜ ಕೊಂಡುಕೊಂಡಿದ್ದ. ಆದರೆ ಸಮಯವನ್ನು ನೋಡಿ. ಮರಾಠರು ಮತ್ತು ನಿಜಾಮನೊಡನೆ ನಡೆದ ಯುದ್ಧ ಮುಗಿದು ಮೂರು ವರ್ಷವೂ ಆಗಿರಲಿಲ್ಲ, ಇಬ್ಬರ ಮನಸ್ಸಿನಲ್ಲೂ ಕಹಿ ಹಾಗೇ ಇತ್ತು. ಫ್ರಾನ್ಸಿಗೆ ಕಳಿಸಿದ ರಾಯಭಾರಿಗಳು ಉಡುಗೊರೆ ತಂದರೇ ಹೊರತು ಸೈನ್ಯದ ಭರವಸೆ ತರಲಿಲ್ಲ. ಫ್ರಾನ್ಸಿನಲ್ಲೇ ಕ್ರಾಂತಿ ಎದ್ದಿತ್ತು. ತಿರುವಾಂಕೂರು ಕಂಪನಿಯ ಮಿತ್ರರಾಜ್ಯವೆಂದು ಮಂಗಳೂರು ಒಪ್ಪಂದದಲ್ಲೇ ಬರೆದಿತ್ತು. ಅಂದರೆ ಸುಲ್ತಾನರು ತಮ್ಮ ಜೊತೆ ಯಾರೂ ಇಲ್ಲದ ಹೊತ್ತಿನಲ್ಲಿ, ಶತ್ರುವಿಗೆ ನ್ಯಾಯದ ನೆಪ ಸಿಗುವ ಜಾಗದಲ್ಲಿ ಕೈಯಿಟ್ಟರು. ಕಾರ್ನ್‌ವಾಲಿಸ್ ಅದಕ್ಕೇ ಕಾದವನಂತೆ 1790ರ ಜೂನ್ ಮತ್ತು ಜುಲೈನಲ್ಲಿ ಮರಾಠರೊಡನೆ, ನಿಜಾಮನೊಡನೆ ಒಪ್ಪಂದ ಮಾಡಿಕೊಂಡ. 1767ರಲ್ಲಿ ಹೈದರಲಿ ಯಾವ ಕೂಟವನ್ನು ಒಡೆದಿದ್ದರೋ ಅದೇ ಕೂಟ ಈಗ ಗಟ್ಟಿಯಾಗಿ ಕಟ್ಟಿಕೊಂಡಿತು.

ಇನ್ನೊಂದು ಕಹಿಮಾತನ್ನೂ ಹೇಳಬೇಕು. ಕೊಡಗು ಮತ್ತು ಮಲಬಾರಿನಲ್ಲಿ ಟಿಪ್ಪು ಬಂಡಾಯಗಳನ್ನು ಬಹಳ ಕಠಿಣವಾಗಿ ಅಡಗಿಸಿದರು. ಜನರನ್ನು ಸೆರೆಹಿಡಿದು ಊರು ಬಿಡಿಸಿದರು. ಅದರ ಫಲ ಏನಾಯಿತು? 1790ರಲ್ಲಿ ಕೊಡಗಿನ ದೊಡ್ಡ ವೀರರಾಜೇಂದ್ರ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಮುಂಬಯಿಯ ಸೈನ್ಯಕ್ಕೆ ತನ್ನ ನಾಡಿನ ಮೂಲಕ ದಾರಿ ಕೊಟ್ಟ. ಜನರ ಮನಸ್ಸನ್ನು ಕಳೆದುಕೊಂಡ ಗಡಿ ಎಷ್ಟು ಕೋಟೆ ಕಟ್ಟಿದರೂ ತೆರೆದ ಬಾಗಿಲೇ. ಅದೇ ಟಿಪ್ಪು 1791ರಲ್ಲಿ ಮರಾಠಾ ಸೈನ್ಯದಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ನೆರವು ಕಳಿಸಿದರು. ಅವರ ಆಡಳಿತದ ಆಧಾರಸ್ತಂಭಗಳಲ್ಲಿ ಪೂರ್ಣಯ್ಯ ಒಬ್ಬರು. ಅವರ ವಿರುದ್ಧ ನಿಂತವರಲ್ಲಿ ಹೈದರಾಬಾದಿನ ನಿಜಾಮ ಒಬ್ಬ. ಆದ್ದರಿಂದ ಇದನ್ನು ಧರ್ಮ ಧರ್ಮಗಳ ಯುದ್ಧವೆಂದು ಹೇಳುವವರ ಮಾತನ್ನು, ಅವರು ಯಾವ ಕಡೆಯವರೇ ಆಗಿರಲಿ, ನಂಬಬೇಡಿ. ಇದು ರಾಜ್ಯಗಳ ಯುದ್ಧ. ಇದನ್ನು ರಾಜ್ಯನೀತಿಯ ಲೆಕ್ಕದಲ್ಲೇ ಓದಬೇಕು.

ಈ ಮೂರನೆಯ ಯುದ್ಧದಲ್ಲಿ ನಿಮಗೆ ಹೇಳಲೇಬೇಕಾದ ಒಂದು ಪ್ರಸಂಗವಿದೆ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ವಶವಾಯಿತು. ಮೇ ತಿಂಗಳಲ್ಲಿ ಅವನು ಶ್ರೀರಂಗಪಟ್ಟಣದ ಹತ್ತಿರಕ್ಕೇ ಬಂದ. ಮೇ 15ರಂದು ಅರಕೆರೆಯ ಬಳಿ ಕಾಳಗವನ್ನೂ ಗೆದ್ದ. ಆದರೂ ಅವನಿಗೆ ಮುಂದೆ ಒಂದು ಹೆಜ್ಜೆ ಇಡಲಾಗಲಿಲ್ಲ. ಟಿಪ್ಪುವಿನವರು ದಾರಿಯುದ್ದಕ್ಕೂ ಮೇವು, ದವಸ ಸಿಗದಂತೆ ಮಾಡಿದ್ದರು. ಮಳೆ ಹಿಡಿಯಿತು. ತೋಪು ಎಳೆಯುವ ಎತ್ತುಗಳು ಸಾಲು ಸಾಲಾಗಿ ಸತ್ತವು. ಕಡೆಗೆ ಕಾರ್ನ್‌ವಾಲಿಸ್ ತನ್ನ ಮುತ್ತಿಗೆ ತೋಪುಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿನ ಕಡೆ ಹಿಂದಿರುಗಿದ. ಕಾಳಗ ಇಂಗ್ಲಿಷರದು, ಲಾಭ ಟಿಪ್ಪುವಿನದು! ರಣತಂತ್ರ ಬೇರೆ, ಯುದ್ಧನೀತಿ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಆದರೆ ಈ ಸೋಲಿನ ನಂತರ ಕಾರ್ನ್‌ವಾಲಿಸ್ ಮಾಡಿದ್ದನ್ನು ಗಮನವಿಟ್ಟು ಕೇಳಿ. ಈತ ಹತ್ತು ವರ್ಷದ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಎದುರು ಶರಣಾದವನು. ಸೋಲೆಂದರೆ ಏನೆಂದು ಬಲ್ಲವನು. ಅವನು ಯಾರನ್ನೂ ದೂರುತ್ತ ಕೂರಲಿಲ್ಲ. ಎಂಟು ತಿಂಗಳು ರಾಜಧಾನಿಯ ಹತ್ತಿರ ಹೋಗಲೇ ಇಲ್ಲ. ದಾರಿಯಲ್ಲಿದ್ದ ನಂದಿದುರ್ಗ, ಸಾವನದುರ್ಗಗಳನ್ನು ಒಂದೊಂದಾಗಿ ಹಿಡಿದ. ಹೇರೆತ್ತುಗಳ ಮೇಲೆ ದವಸ ಸಾಗಿಸುವ ಲಂಬಾಣಿ ವ್ಯಾಪಾರಿಗಳಿಗೆ ಒಳ್ಳೆಯ ಬೆಲೆ ಕೊಟ್ಟು ತನ್ನ ಕಡೆಗೆ ಸೆಳೆದುಕೊಂಡ. ಸೈನ್ಯದ ಹೊಟ್ಟೆಯ ಏರ್ಪಾಡು ಮುಗಿದ ಮೇಲೆಯೇ ಮುಂದೆ ಹೊರಟ. 1792ರ ಫೆಬ್ರುವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಪಾಳೆಯದ ಮೇಲೆ ದಾಳಿ ಮಾಡಿದ. ಮಾರ್ಚ್‌ನಲ್ಲಿ ಒಪ್ಪಂದವಾಯಿತು. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಎಳೆಯ ಮಕ್ಕಳು ಒತ್ತೆಯಾಗಿ ಮದರಾಸಿಗೆ ಹೋದರು.

ನನ್ನ ಅಭಿಪ್ರಾಯದಲ್ಲಿ ಮೈಸೂರು ಯುದ್ಧ ಸೋತದ್ದು ಇಲ್ಲಿ, 1790 ಮತ್ತು 1792ರ ನಡುವೆ. 1799 ಅದರ ಕೊನೆಯ ಪುಟ ಮಾತ್ರ. ಟಿಪ್ಪು ದಂಡ ಕಟ್ಟಿ 1794ರಲ್ಲಿ ಮಕ್ಕಳನ್ನು ಬಿಡಿಸಿಕೊಂಡರು, ರಾಜ್ಯವನ್ನು ಮತ್ತೆ ಕಟ್ಟಿದರು, 1796ರಲ್ಲಿ ನೌಕಾಪಡೆಗೆಂದು ಪ್ರತ್ಯೇಕ ಇಲಾಖೆಯನ್ನೇ ಮಾಡಿದರು. ಅವರ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ನೋಡಿಯೇ ಮುಂದೆ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ಮಾಡಿದ. 2018ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳು ಬಾವಿಯಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದವು. ಆಯುಧದಲ್ಲಿ ಅವರು ಮುಂದಿದ್ದರು, ಧೈರ್ಯದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಮಿತ್ರರು ಯಾರೂ ಉಳಿದಿರಲಿಲ್ಲ. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್, ಗುಟ್ಟಾಗಿರಬೇಕಾದ ಸಂಧಾನವನ್ನು ಬಹಿರಂಗ ಪ್ರಕಟಣೆ ಹೊರಡಿಸಿ ಊರಿಗೆಲ್ಲ ಸಾರಿದ. ಅದರಿಂದ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ. ವೆಲ್ಲೆಸ್ಲಿಗೆ ಸಿಕ್ಕಿದ್ದು ಯುದ್ಧಕ್ಕೆ ಬೇಕಾದ ನೆಪ.

1799ರ ಮಾರ್ಚ್‌ನಲ್ಲಿ ಟಿಪ್ಪು ಸಿದ್ದೇಶ್ವರದಲ್ಲಿ, ಆಮೇಲೆ ಮಳವಳ್ಳಿಯಲ್ಲಿ ಶತ್ರುವನ್ನು ತಡೆಯಲು ನೋಡಿದರು. ಆಗಲಿಲ್ಲ. ಹಳೆಯ ದಾರಿಯಲ್ಲೇ ಇಂಗ್ಲಿಷರು ಬರುವರೆಂದು ಅಲ್ಲಿ ಮೇವು ಸುಡಿಸಿದ್ದರು. ಜನರಲ್ ಹ್ಯಾರಿಸ್ ಸೋಸಲೆಯ ಬಳಿ ಕಾವೇರಿ ದಾಟಿ ಬೇರೆ ದಾರಿಯಲ್ಲಿ ಬಂದ. ಹೈದರಲಿ ತಮ್ಮ ಬಲವನ್ನೆಲ್ಲ ಒಂದು ಕೋಟೆಯೊಳಗೆ ಕೂಡಿಹಾಕಿಕೊಂಡವರಲ್ಲ, ಶತ್ರುವನ್ನು ಓಡಾಡಿಸಿ ಸುಸ್ತು ಮಾಡುತ್ತಿದ್ದರು. ಟಿಪ್ಪು ಈ ಬಾರಿ ಕೋಟೆಯನ್ನೂ ಕಾವೇರಿಯ ಮಳೆಗಾಲದ ಪ್ರವಾಹವನ್ನೂ ನಂಬಿದರು. ಮಳೆ ಬರಲು ಇನ್ನೂ ಕೆಲವು ವಾರಗಳಿದ್ದವು. ಮೇ 4ರ ಮಧ್ಯಾಹ್ನ ತೆಳುವಾಗಿ ಹರಿಯುತ್ತಿದ್ದ ನದಿ ದಾಟಿ ದಾಳಿ ನಡೆಯಿತು. ಆ ದಾಳಿಯ ಮುಂದಾಳು ಯಾರು ಗೊತ್ತೇ? ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಇದೇ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತವನು. ಸುಲ್ತಾನರು ಓಡಲಿಲ್ಲ, ಶರಣಾಗಲಿಲ್ಲ. ಕತ್ತಿ ಹಿಡಿದೇ ಸತ್ತರು. ಆ ಸಾವಿಗೆ ನಾವು ತಲೆಬಾಗುತ್ತೇವೆ. ಆದರೆ ತಲೆಬಾಗುವುದು ಓದಿಗೆ ಬದಲಿ ಆಗಬಾರದು.

ಮೀರ್ ಸಾದಿಕನ ಮೇಲಿನ ಆರೋಪ ಕೊನೆಯ ಕೆಲವು ಗಂಟೆಗಳದ್ದು. ಮುರಿದ ಸ್ನೇಹಗಳು, ತಪ್ಪಿದ ಸಮಯ, ಕಳೆದುಕೊಂಡ ಜನಮನ, ಇವು ಹತ್ತು ವರ್ಷಗಳದ್ದು. ಎಲ್ಲವನ್ನೂ ಒಬ್ಬ ದ್ರೋಹಿಯ ತಲೆಗೆ ಕಟ್ಟಿದರೆ ನಮಗೆ ಸಮಾಧಾನ ಸಿಗುತ್ತದೆ, ಬುದ್ಧಿ ಬರುವುದಿಲ್ಲ. ನಮ್ಮ ಸಮಾಜಕ್ಕೆ ಈ ರೋಗ ಅಂಟಿಕೊಂಡಿದೆ ಎಂದು ನನಗನಿಸುತ್ತದೆ. ನಮ್ಮ ಮಕ್ಕಳು ಹಿಂದುಳಿದರೆ ಯಾರೋ ಮಾಡಿದ ಅನ್ಯಾಯ ಎನ್ನುತ್ತೇವೆ. ಅನ್ಯಾಯ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದರ ಜೊತೆಗೆ ನಮ್ಮ ಲೆಕ್ಕ ಎಲ್ಲಿ ತಪ್ಪಿತು ಎಂದು ಕೇಳಿಕೊಳ್ಳುವ ಅಭ್ಯಾಸ ನಮಗೆ ಬರಬೇಕು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರೂ ಕತ್ತಿ ಹಿಡಿಯಬೇಕಾಗಿಲ್ಲ. ಆದರೆ ಬದುಕಿನಲ್ಲಿ ಸಂಘರ್ಷ ತಪ್ಪಿದ್ದಲ್ಲ. ಪರೀಕ್ಷೆ ಒಂದು ಕಾಳಗ, ಓದು ಒಂದು ಯುದ್ಧ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಗೆದ್ದು, ಗೆಳೆಯ ಹೋದನೆಂದು ಯಾವುದೋ ಕೋರ್ಸಿಗೆ ಸೇರಿ, ಎರಡನೇ ವರ್ಷ ಬಿಟ್ಟು ಬಂದ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ. ಅದು ಪೊಳ್ಳಿಲೂರಿನ ಮರುದಿನದ ತಪ್ಪು. ಯಾರೋ ಬೀದಿಯಲ್ಲಿ ಕೆಣಕಿದರೆಂದು ಅದೇ ಗಳಿಗೆ ಜಗಳಕ್ಕಿಳಿದು ಪೊಲೀಸು ಠಾಣೆ, ಕೋರ್ಟು ಅಲೆದು ಓದು ಕಳೆದುಕೊಂಡವರನ್ನೂ ಕಂಡಿದ್ದೇನೆ. ಅದು ತಿರುವಾಂಕೂರಿನ ಗೋಡೆಯ ತಪ್ಪು. ಸಿಟ್ಟು ಬಂದ ದಿನವೇ ಹೋರಾಟದ ದಿನವಲ್ಲ. ಕೆಣಕುವವನು ದಿನವನ್ನೂ ಜಾಗವನ್ನೂ ತಾನೇ ಆರಿಸಿರುತ್ತಾನೆ. ಅವನ ಆಯ್ಕೆಯಲ್ಲಿ ನೀವು ಹೋಗಿ ಬೀಳಬೇಡಿ. ನ್ಯಾಯ ಕೇಳಿ, ಆದರೆ ನಿಮ್ಮ ಸಮಯದಲ್ಲಿ, ಕಾಗದಪತ್ರ ಕೈಯಲ್ಲಿಟ್ಟುಕೊಂಡು, ನಾಲ್ಕು ಜನ ಒಳ್ಳೆಯವರನ್ನು ಜೊತೆಗಿಟ್ಟುಕೊಂಡು ಕೇಳಿ. ಆ ನಾಲ್ಕು ಜನ ಎಲ್ಲ ಜಾತಿ ಮತಗಳವರೂ ಆಗಿರಲಿ. ನೆರೆಯವರ ಸ್ನೇಹ ಬೇಕೆಂದು ಕಷ್ಟ ಬಂದ ದಿನ ಹುಡುಕಿದರೆ ಸಿಗುವುದಿಲ್ಲ.

ಸಂಸ್ಥೆಯ ಹಿರಿಯರಿಗೂ ಒಂದು ಮಾತು. ಪ್ರತಿವರ್ಷ ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಫೋಟೋ ತೆಗೆಸುತ್ತೇವೆ. ಒಳ್ಳೆಯದೇ. ಅದು ನಮ್ಮ ಗೋಡೆಯ ಚಿತ್ರ. ಆದರೆ ಏಳನೇ ತರಗತಿಯ ನಂತರ ಶಾಲೆ ಬಿಟ್ಟು ಗ್ಯಾರೇಜಿಗೆ, ಬೀಡಿ ಕಟ್ಟಲು ಹೋದ ಮಗುವಿನ ಪಟ್ಟಿ ನಮ್ಮಲ್ಲಿದೆಯೇ? ಕಾರ್ನ್‌ವಾಲಿಸ್ ಎರಡನೆಯ ಬಾರಿ ಗೆದ್ದದ್ದು ತೋಪಿಗಿಂತ ಹೆಚ್ಚಾಗಿ ಎತ್ತು ಮತ್ತು ದವಸದ ಏರ್ಪಾಡಿನಿಂದ. ನಮ್ಮ ಎತ್ತು ದವಸ ಎಂದರೆ ಬಸ್ ಪಾಸಿನ ಹಣ, ಹಾಸ್ಟೆಲಿನ ಊಟ, ಸಂಜೆ ಪಾಠ, ಹೆಣ್ಣುಮಕ್ಕಳು ಧೈರ್ಯವಾಗಿ ಕಾಲೇಜಿಗೆ ಹೋಗಿ ಬರುವ ವ್ಯವಸ್ಥೆ. ಇವುಗಳಿಗೆ ಚಪ್ಪಾಳೆ ಬೀಳುವುದಿಲ್ಲ, ಯುದ್ಧ ಮಾತ್ರ ಇವುಗಳಿಂದಲೇ ಗೆಲ್ಲುವುದು.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ: ಮಗು, ಅವರು ಕಾಳಗ ಮಾಡುವುದರಲ್ಲಿ ಸೋಲಲಿಲ್ಲ, ಯಾವ ಕಾಳಗ ಯಾವಾಗ ಮಾಡಬೇಕೆಂದು ಆರಿಸುವುದರಲ್ಲಿ ಸೋತರು. ನೀನು ಅವರ ಧೈರ್ಯವನ್ನು ಇಟ್ಟುಕೋ, ಅವರು ತಪ್ಪಿದ ಲೆಕ್ಕವನ್ನು ಸರಿಯಾಗಿ ಮಾಡು.